ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಡಾರ್ಕ್ ಮೈಲ್ಡ್ ಏಲ್ ಸವಿಯುವ ಬಗೆ

ಪ್ರಶ್ನೆ: ಮಗ ಇಂಗ್ಲೆಂಡಿನಿಂದ ಬರೋವಾಗ ಡಾರ್ಕ್ ಮೈಲ್ಡ್ ಏಲ್ ಅಂತ ಎರಡು ಬಾಟ್ಲಿ ಬಿಯರ್ ತಂದಿದ್ದ. ರಾತ್ರಿಯೆಲ್ಲ ಫ್ರಿಜ್‌ನಾಗ ಇಟ್ಟು ಒಂದು ತೆಗೆದ್ವಿ. ಬಣ್ಣ ಕಪ್ಪ ಐತಿ, ಭಾರಿ ಸ್ಟ್ರಾಂಗ್ ಇರತೈತಿ ಅಂದ್ಕೊಂಡ್ರ ಸಪ್ಪನ ನೀರು ಕುಡದಂಗ ಆತು. ಗ್ಯಾಸೂ ಕಡಿಮಿ. ಕೆಟ್ಟೈತೇನು? ಇನ್ನೊಂದು ಬಾಟ್ಲಿ ಹೆಂಗ ಕುಡೀಬೇಕು?
(ಟಿಳಕವಾಡಿ, ಬೆಳಗಾವಿ)

ಉತ್ತರ: ಕೆಟ್ಟಿರಲಿಕ್ಕಿಲ್ಲ, ತಂಪು ಹೆಚ್ಚಾಗಿದೆ. ಫ್ರಿಜ್‌ನ 4 ಡಿಗ್ರಿಯಲ್ಲಿ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಪರಿಮಳ ಮೇಲೇಳುವುದಿಲ್ಲ, ಅದರ ಸಿಹಿಯೂ ನಾಲಿಗೆಗೆ ತಿಳಿಯುವುದಿಲ್ಲ. ಇಂಗ್ಲಿಷ್ ಪಬ್ಬುಗಳಲ್ಲಿ ಪೀಪಾಯಿಯನ್ನು ನೆಲಮಾಳಿಗೆಯಲ್ಲಿಟ್ಟು 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೊಡುತ್ತಾರೆ. ನಿಮಗೂ ಅದೇ ಬೇಕು.

ಕಪ್ಪು ಬಣ್ಣಕ್ಕೂ ನಶೆಗೂ ಸಂಬಂಧವಿಲ್ಲ. ಇದರಲ್ಲಿ ಬಹುಪಾಲು ಇರುವುದು ತಿಳಿಬಣ್ಣದ ಪೇಲ್ ಮಾಲ್ಟ್. ಜೊತೆಗೆ ಒಂದಿಷ್ಟು ಕ್ಯಾರಮೆಲ್ ರುಚಿಯ ಕ್ರಿಸ್ಟಲ್ ಮಾಲ್ಟ್, ಮತ್ತೆ ನೂರಕ್ಕೆ ಮೂರು-ನಾಲ್ಕು ಪಾಲು ಚೆನ್ನಾಗಿ ಹುರಿದ ಚಾಕೊಲೇಟ್ ಮಾಲ್ಟ್ ಬಿದ್ದರೆ ಗ್ಲಾಸು ಕಪ್ಪಾಗುತ್ತದೆ. ಕೆಲವರು ಇನ್ವರ್ಟ್ ಸಕ್ಕರೆ ಎಂಬ ಕಪ್ಪು ಸಕ್ಕರೆ ಪಾಕವನ್ನೂ ಹಾಕುತ್ತಾರೆ. ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 3ರಿಂದ 3.8. ನಮ್ಮ ಅಂಗಡಿಗಳಲ್ಲಿ ಸಿಗುವ ಸ್ಟ್ರಾಂಗ್ ಬಿಯರಿನ ಅರ್ಧದಷ್ಟು. ಹಿಂದೆ ಹೀಗಿರಲಿಲ್ಲ. 19ನೇ ಶತಮಾನದ ಮೈಲ್ಡ್ ಗಟ್ಟಿಯಾಗಿತ್ತು. ಮೊದಲ ಮಹಾಯುದ್ಧದಲ್ಲಿ ಧಾನ್ಯದ ಕೊರತೆ, ಸರ್ಕಾರದ ನಿರ್ಬಂಧ, ತೆರಿಗೆ ಎಲ್ಲ ಸೇರಿ ಅದನ್ನು ತೆಳುವಾಗಿಸಿದವು. ಹಾಗಿದ್ದೂ 1950ರ ದಶಕದವರೆಗೆ ಗಣಿ, ಕಾರ್ಖಾನೆಗಳ ಕೆಲಸಗಾರರ ನೆಚ್ಚಿನ ಪಾನೀಯ ಇದೇ ಆಗಿತ್ತು. ಬರ್ಮಿಂಗ್‌ಹ್ಯಾಮ್ ಪಕ್ಕದ ಬ್ಲ್ಯಾಕ್ ಕಂಟ್ರಿಯಲ್ಲಿ ಇಂದಿಗೂ ಅಭಿಮಾನದಿಂದ ಕುಡಿಯುತ್ತಾರೆ. ಅಲ್ಲಿನ ಸೆಜ್ಲಿಯಲ್ಲಿ ಸಾರಾ ಹ್ಯೂಸ್ ಬ್ರೂವರಿಯ ಡಾರ್ಕ್ ರೂಬಿ ಮೈಲ್ಡ್ ಹಳೆಯ ಕಾಲದಂತೆ ಶೇ. 6 ಇದೆ. ಆದ್ದರಿಂದ ನಿಮ್ಮ ಬಾಟಲಿಯ ಲೇಬಲ್ ಒಮ್ಮೆ ಓದಿ.

ಈಗ ಎರಡನೇ ಬಾಟಲಿ. ತಳದಲ್ಲಿ ಯೀಸ್ಟ್ ಗಸಿ ಕಂಡರೆ ಒಂದು ದಿನ ನೆಟ್ಟಗೆ ನಿಲ್ಲಿಸಿಡಿ. ಫ್ರಿಜ್‌ನಿಂದ ತೆಗೆದ ಅರ್ಧ ಲೀಟರ್ ಬಾಟಲಿ 12 ಡಿಗ್ರಿಗೆ ಬರಲು ಬೆಳಗಾವಿಯ ಮಳೆಗಾಲದಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತದೆ, ವಿಜಯಪುರದ ಏಪ್ರಿಲ್ ಸೆಕೆಯಲ್ಲಿ 20-25 ನಿಮಿಷ ಸಾಕು. ಅಡುಗೆ ಥರ್ಮಾಮೀಟರ್ ಇದ್ದರೆ ಗ್ಲಾಸಿಗೆ ಹಾಕಿ ನೋಡುವುದೇ ಒಳ್ಳೆಯದು. ಗ್ಲಾಸನ್ನು ಫ್ರೀಜರಿನಲ್ಲಿ ಇಡಬೇಡಿ. ಎಣ್ಣೆ ಜಿಡ್ಡು, ಸೋಪು ಉಳಿಯದಂತೆ ತೊಳೆದಿರಲಿ. ಎರಡೂ ನೊರೆಯನ್ನು ಕೊಲ್ಲುತ್ತವೆ. ಓರೆ ಹಿಡಿದು ನಿಧಾನವಾಗಿ ಸುರಿಯಿರಿ, ಗಸಿ ಬರುವ ಮೊದಲೇ ನಿಲ್ಲಿಸಿ.

ಗ್ಲಾಸನ್ನು ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಮಾಣಿಕ್ಯದ ಕೆಂಪು ಕಾಣಬೇಕು. ಕುಡಿಯುವ ಮುಂಚೆ ಮೂಸಿ ನೋಡಿ: ಕ್ಯಾರಮೆಲ್, ಹುರಿದ ಬೀಜ, ಒಣದ್ರಾಕ್ಷಿ, ಕೆಲವದರಲ್ಲಿ ಕಾಕಂಬಿ. ಮೊದಲ ಗುಟುಕನ್ನು ಎರಡು-ಮೂರು ಸೆಕೆಂಡ್ ಬಾಯಲ್ಲಿ ಆಡಿಸಿ ನುಂಗಿ. ಕಹಿ ಹಿಂದೆ ಸಣ್ಣಗೆ ಬಂದು ಹೋಗಬೇಕು, ಮೇಲುಗೈ ಸಾಧಿಸಬಾರದು. ಗ್ಯಾಸು ಕಡಿಮೆ ಇರುವುದು ಇದರ ಗುಣವೇ. ತೀರ್ಪನ್ನು ಮೊದಲ ಗುಟುಕಿಗೇ ಕೊಡಬೇಡಿ. ಒಳ್ಳೆಯ ಮೈಲ್ಡ್ ಗ್ಲಾಸಿನ ಕೊನೆಯ ಮೂರನೇ ಒಂದು ಭಾಗದಲ್ಲಿ ಗೆಲ್ಲುತ್ತದೆ. ಅಲ್ಲಿಯೂ ನಾಲಿಗೆಗೆ ಬೇಸರವಾಗದಿದ್ದರೆ ತಯಾರಿಸಿದವರ ಕೈ ಪಳಗಿದೆ ಎಂದರ್ಥ.

ಪ್ರಶ್ನೆ: ಇಷ್ಟು ಹಗುರವಾದದ್ದು ಒಂದು ಪೈಂಟ್ ಕುಡಿದು ಗಾಡಿ ಓಡಿಸಬಹುದೇ?
(ಜಮಖಂಡಿ)

ಉತ್ತರ: ಬೇಡ. ಇಂಗ್ಲಿಷ್ ಪೈಂಟ್ ಎಂದರೆ 568 ಮಿ.ಲೀ., ನಮ್ಮ ಅಂಗಡಿಯ 330 ಮಿ.ಲೀ. ಪೈಂಟ್ ಅಲ್ಲ. ಶೇ. 3.5ರ ಲೆಕ್ಕದಲ್ಲಿ ಅದರಲ್ಲಿ ಸುಮಾರು 16 ಗ್ರಾಂ ಆಲ್ಕೋಹಾಲ್ ಇರುತ್ತದೆ. ನಮ್ಮ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. 60 ಕಿಲೋ ತೂಕದವರು ಖಾಲಿ ಹೊಟ್ಟೆಯಲ್ಲಿ ಬೇಗ ಕುಡಿದರೆ ಇದೊಂದೇ ಗ್ಲಾಸಿಗೆ ಮಿತಿ ದಾಟಬಹುದು.

ಪ್ರಶ್ನೆ: ಜೊತೆಗೆ ತಿನ್ನಲು ನಮ್ಮ ಕಡೆಯ ಯಾವುದು ಹೊಂದುತ್ತದೆ?
(ಬಾಗಲಕೋಟೆ)

ಉತ್ತರ: ಮೊದಲ ಕೆಲವು ಗುಟುಕು ಬರಿ ಬಾಯಲ್ಲೇ ಆಗಲಿ. ಆಮೇಲೆ ಖಾರ ಕಡಿಮೆ ಹಾಕಿದ ಬದನೆ ಎಣಗಾಯಿ, ಕಟಿ ಜೋಳದ ರೊಟ್ಟಿ ಬಹಳ ಚೆನ್ನ. ಹುರಿದ ಶೇಂಗಾ, ಎಳ್ಳಿನ ರುಚಿ ಮಾಲ್ಟಿನ ರುಚಿಯ ಜೊತೆ ನೇರವಾಗಿ ಕೂಡುತ್ತದೆ. ರಂಜಕದಂಥ ಖಾರ ಬಿದ್ದರೆ ಈ ಏಲ್‌ನ ಸದ್ದೇ ಇರುವುದಿಲ್ಲ. ಅಮೀನಗಡದ ಕರದಂಟಿನ ಸಣ್ಣ ತುಂಡು ಸರಿ, ಬೆಳಗಾವಿ ಕುಂದಾ ಬೇಡ: ಅಷ್ಟು ಸಿಹಿ ತಿಂದ ಮೇಲೆ ಏಲ್ ತೆಳುವಾಗಿ, ಹುಳಿಯಾಗಿ ತೋರುತ್ತದೆ.

ಪ್ರಶ್ನೆ: ನಿಜಕ್ಕೂ ಕೆಟ್ಟಿದೆ ಎಂದು ಗುರುತಿಸುವುದು ಹೇಗೆ?
(ವಿಜಯಪುರ)

ಉತ್ತರ: ಮೂಗನ್ನು ನಂಬಿ. ಒದ್ದೆ ರಟ್ಟಿನ ವಾಸನೆ ಬಂದರೆ ಆಮ್ಲಜನಕ ಸೇರಿ ಹಳತಾಗಿದೆ. ಶಾಖ ಇದನ್ನು ಚುರುಕುಗೊಳಿಸುತ್ತದೆ. ಮೈಲ್ಡ್‌ನಲ್ಲಿ ಆಲ್ಕೋಹಾಲೂ ಹಾಪ್ಸೂ (ಬಿಯರಿಗೆ ಕಹಿ ಕೊಡುವ ಹೂವು) ಕಡಿಮೆ, ಹಾಗಾಗಿ ಕಾಪಾಡುವವರು ಯಾರೂ ಇಲ್ಲ. ನಿಮ್ಮ ಊರಿನ ಬೇಸಿಗೆಯಲ್ಲಿ ಇದನ್ನು ಕಪಾಟಿನಲ್ಲಿ ಇಡಲೇಬೇಡಿ, ಫ್ರಿಜ್‌ನಲ್ಲಿಟ್ಟು ತಯಾರಾದ ಕೆಲವೇ ತಿಂಗಳಲ್ಲಿ ಮುಗಿಸಿ. ವಿನೆಗರ್ ಹುಳಿ ಇದ್ದರೆ ಬ್ಯಾಕ್ಟೀರಿಯಾ ಹೊಕ್ಕಿದೆ, ಚೆಲ್ಲಿ. ತೆರೆದ ಪೀಪಾಯಿಯನ್ನು ಪಬ್ಬಿನವರು ಮೂರು-ನಾಲ್ಕು ದಿನದಲ್ಲಿ ಖಾಲಿ ಮಾಡುವುದೂ ಇದೇ ಭಯಕ್ಕೆ. ಬೆಣ್ಣೆಯ ವಾಸನೆ ಹುದುಗುವಾಗ ಹುಟ್ಟುವ ಡೈಅಸಿಟೈಲ್ ಎಂಬ ರಾಸಾಯನಿಕದ್ದು. ಯೀಸ್ಟಿಗೆ ಅದನ್ನು ಅರಗಿಸಿಕೊಳ್ಳಲು ಸಮಯ ಕೊಟ್ಟಿಲ್ಲ. ಇಂಗ್ಲಿಷ್ ಏಲ್‌ಗಳಲ್ಲಿ ಒಂದು ಎಳೆಯಷ್ಟಿದ್ದರೆ ಒಪ್ಪುತ್ತಾರೆ, ಬಾಯಿ ಜಿಡ್ಡಾದರೆ ಅದು ದೋಷವೇ.

12 ಡಿಗ್ರಿಯಲ್ಲೂ ನೀರುನೀರಾಗಿದ್ದರೆ ತಪ್ಪು ತಯಾರಿಕೆಯದು. ಮಾಲ್ಟನ್ನು ಬಿಸಿನೀರಲ್ಲಿ ನೆನೆಸುವಾಗ 67-68 ಡಿಗ್ರಿ ಇಟ್ಟರೆ ಯೀಸ್ಟ್ ತಿನ್ನಲಾಗದ ಸಕ್ಕರೆ ಒಂದಿಷ್ಟು ಉಳಿದು ಏಲ್‌ಗೆ ಮೈ ಬರುತ್ತದೆ. 63-64ಕ್ಕೆ ಇಳಿದರೆ ಹೆಚ್ಚಿನದೆಲ್ಲ ಹುದುಗಿಹೋಗುತ್ತದೆ, ಹುರಿದ ಮಾಲ್ಟಿನ ಒಗರಿಗೆ ಆಸರೆ ಸಿಗುವುದಿಲ್ಲ. ಇದನ್ನು ಮನೆಯಲ್ಲಿ ಪರೀಕ್ಷಿಸಲು ಹೊರಡಬೇಡಿ, ಅಬಕಾರಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು ಕರ್ನಾಟಕದಲ್ಲಿ ಅಪರಾಧ. ಮೈಕ್ರೋಬ್ರೂವರಿಗೆ ಹೋದಾಗ ಮೈಲ್ಡ್ ಸಿಕ್ಕರೆ ಮಾಲ್ಟ್ ನೆನೆಸಿದ ತಾಪಮಾನ ಎಷ್ಟು ಎಂದು ಅಲ್ಲಿನ ಬ್ರೂವರ್‌ನನ್ನೇ ಕೇಳಿ.