ಪ್ರತಿಕ್ರಿಯೆ: ಬೀದಿ ನಲ್ಲಿಯ ಜಾಗ ಯಾರು ಹೇಳಬೇಕು?

ಬೀದಿ ನಲ್ಲಿ ಎಲ್ಲಿರಬೇಕೆಂದು ಹೇಳುವ ಹಕ್ಕು ಊರಿನವರಿಗೆ ಇದೆಯೇ ಎಂದು ಕೇಳಿದ್ದೀರಿ. ಖಂಡಿತ ಇದೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಗ್ರಾಮಸಭೆಗಿಂತ ಕೆಳಗೆ ವಾರ್ಡ್ ಸಭೆಯೂ, ಅಂದರೆ ಒಂದು ವಾರ್ಡಿನ ಮತದಾರರ ಸಭೆಯೂ ಇದೆ. ಬೀದಿದೀಪ, ನಲ್ಲಿ, ಸಾರ್ವಜನಿಕ ಬಾವಿ ಎಲ್ಲಿ ಬೇಕೆಂದು ಸೂಚಿಸುವುದು ಅದರದೇ ಕೆಲಸ. ಬೇಸಿಗೆಯಲ್ಲಿ ಯಾವ ಕೇರಿಗೆ ನೀರು ಹತ್ತುವುದಿಲ್ಲ, ಯಾರು ಎಷ್ಟು ದೂರ ಕೊಡ ಹೊರಬೇಕು ಎಂಬುದು ಅಲ್ಲಿನ ಹೆಂಗಸರಿಗೆ ಗೊತ್ತಿರುವಷ್ಟು ತಾಲ್ಲೂಕಿನ ಯಾವ ಅಧಿಕಾರಿಗೂ ಗೊತ್ತಿರುವುದಿಲ್ಲ. ಆ ಹೆಂಗಸರು ಸಭೆಗೆ ಬರಲೇಬೇಕು, ಮಾತಾಡಲೇಬೇಕು.

ಹಾಗಂತ ಎಲ್ಲವೂ ವಾರ್ಡಿನಲ್ಲೇ ತೀರುವಂಥದ್ದಲ್ಲ. ಹಲವು ಹಳ್ಳಿಗಳಿಗೆ ಒಂದೇ ಕೆರೆಯ ನೀರಾದರೆ ಹಂಚಿಕೆ ಮೇಲಿನ ಹಂತದಲ್ಲೇ ಆಗಬೇಕು, ಇಲ್ಲದಿದ್ದರೆ ಕೊನೆಯ ಹಳ್ಳಿಗೆ ಅನ್ಯಾಯ.

ನಿಮ್ಮ ಬೇಡಿಕೆಯನ್ನು ಬಾಯಿಮಾತಿಗೆ ಬಿಡಬೇಡಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಅವರಿಂದ ಅದರ ಪ್ರತಿ ಕೇಳಿ ಪಡೆಯಿರಿ.