ದರೋಜಿಗೆ 70-300 ಲೆನ್ಸ್ ಸಾಕಾ?

ರಾಯಚೂರಿಂದ ಒಂದು ದಿನಕ್ಕೆ ಹಂಪಿ ಹತ್ತಿರದ ದರೋಜಿ ಕರಡಿಧಾಮಕ್ಕೆ ಫೋಟೋ ತೆಗಿಯಾಕ ಹೊರಟೀನಿ, 70-300 ಎಂಎಂ ಜೂಮ್ ಲೆನ್ಸ್ ಸಾಕಾ, ಬೆಳಿಗ್ಗೆ ಹೋಗ್ಲಾ ಅಂತ ಕೇಳೀರಿ. ಬೆಳಿಗ್ಗೆ ಬ್ಯಾಡ್ರಿ ಸರ. ಅರಣ್ಯದವರು ಬಂಡೆಗೆ ಬೆಲ್ಲದ ಪಾಕ ಸವರಿ ಹೋದ ಮ್ಯಾಲೆ, ಮಧ್ಯಾಹ್ನ ಇಳಿಹೊತ್ತಿಗೆ ಕರಡಿ ಗುಡ್ಡ ಇಳಿದು ಬರ್ತಾವು.

ವೀಕ್ಷಣಾ ಗೋಪುರದಿಂದ ಆ ಬಂಡೆ ದೂರ ಐತಿ. 300 ಎಂಎಂನಾಗ ಕರಡಿ ಅಂದ್ರ ಒಂದು ಕರಿ ಚುಕ್ಕಿ. 500, 600 ಎಂಎಂ ಲೆನ್ಸ್ ಬಾಡಿಗೆಗೆ ಸಿಕ್ಕರೆ ತಗೊಳ್ರಿ.

ಅದಕ್ಕಿಂತ ದೊಡ್ಡ ಪೇಚಾಟ ಎಕ್ಸ್‌ಪೋಷರ್‌ದು, ಅಂದ್ರ ಚಿತ್ರಕ್ಕ ಎಷ್ಟು ಬೆಳಕು ಬಿಡಬೇಕು ಅನ್ನೋದು. ಬಿಳಿಚಿದ ಬಂಡೆ ನೋಡಿ ಕ್ಯಾಮೆರಾ ಬೆಳಕು ಕಡಿಮೆ ಮಾಡ್ತೈತಿ, ಕರಡಿ ಇದ್ದಿಲಾಗ್ತೈತಿ. ನನಗೆ ಮೊದಲ ಸಲನೇ ಮರಿ ಬೆನ್ನಿಗೆ ಹೊತ್ತ ತಾಯಿ ಸಿಕ್ತು; ಮನೆಗೆ ಬಂದು ನೋಡಿದ್ರೆ ಮರಿ ಯಾವುದು, ಬೆನ್ನು ಯಾವುದು ಗೊತ್ತಾಗಲೇ ಇಲ್ಲ! ಕ್ಯಾಮೆರಾದ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಪ್ಲಸ್ 0.7ಕ್ಕೆ ಇಡ್ರಿ, ಚಿತ್ರ ಬೆಳಗಾಗ್ತೈತಿ; ಆಮೇಲೆ ತಿದ್ದಾಕ ಅನುಕೂಲ ಆಗೋ ರಾ ಫೈಲ್‌ನಾಗೇ ತೆಗೀರಿ.

ಗೋಪುರದಾಗ ಯಾರಾದ್ರೂ ನಡೆದಾಡಿದ್ರ ಟ್ರೈಪಾಡ್ ಅಲುಗಾಡ್ತೈತಿ. ನಾನು ಸಣ್ಣ ಚೀಲಕ್ಕೆ ಎರಡು ಕೇಜಿ ಅಕ್ಕಿ ತುಂಬಿ ಕಟ್ಟೆ ಮ್ಯಾಲಿಟ್ಟು, ಅದರ ಮ್ಯಾಲೆ ಲೆನ್ಸ್ ಊರ್ತೀನಿ (ಗಂಗಾವತಿಯವರಿಗೆ ಅಕ್ಕಿಗೇನು ಬರ). ಏಪ್ರಿಲ್, ಮೇ ಬ್ಯಾಡ, ಬಿಸಿಲಝಳಕ್ಕೆ ದೂರದ ಚಿತ್ರ ನೀರಿನಾಗಿದ್ದಂಗೆ ನಡುಗ್ತೈತಿ. ಕರಡಿ ತಡ ಮಾಡಿದ್ರ ಪಾಕದ ಬಂಡೆ ಕಡೆ ನವಿಲು ಬರ್ತಾವು, ಸುಮ್ನ ಕುಂದರಬ್ಯಾಡ್ರಿ.