ಕಾಟನ್ ಸಾಹೇಬರಿಗೂ ಕಾಟನ್‌ಪೇಟೆಗೂ ಏನು ನಂಟು?

ಪ್ರಶ್ನೆ: ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಬಸ್ಸು ನಿಂತಾಗ ಮೊಮ್ಮಗಳು ಶಾಲೆಯ ಬೋರ್ಡು ಓದಿ, "ಅಜ್ಜಿ, ಬಿಷಪ್ ಕಾಟನ್ ಅಂದ್ರೆ ಯಾರು? ಕಾಟನ್‌ಪೇಟೆನೂ ಅವರದೇನಾ?" ಅಂದಳು. ಉತ್ತರ ಹೊಳೆಯಲಿಲ್ಲ. ನೀವೇ ಹೇಳಿ.
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಕಾಟನ್‌ಪೇಟೆ ಅವರದಲ್ಲ ತಾಯೀ. ಅದು ನಮ್ಮ ಹಳೇ ಅರಳೇಪೇಟೆ. ಚಿಕ್ಕಂದಿನಲ್ಲಿ ಚಾಮರಾಜಪೇಟೆಯ ನಮ್ಮ ಮನೆಯ ಹಾಸಿಗೆ ಗಂಟು ಗಂಟಾದರೆ ಅರಳೆ ಹಿಂಜಿಸಲು ಅಲ್ಲಿಗೇ ಒಯ್ಯುತ್ತಿದ್ದೆವು. ಮೂಟೆ ಹೊರುವ ಕೆಲಸ ನನ್ನದು. ಹಾಗಾಗಿ ಬಿಷಪ್ ಕಾಟನ್ ಯಾರೋ ಅರಳೆ ಸಾಹುಕಾರ ಅಂತ ನಾನೂ ಬಹಳ ದಿನ ನಂಬಿದ್ದೆ!

ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್ ಹುಟ್ಟಿದ್ದು 1813ರಲ್ಲಿ, ಇಂಗ್ಲೆಂಡಿನ ಚೆಸ್ಟರ್ ಊರಿನಲ್ಲಿ. ಕೂಸಿಗೆ ಎರಡು ವಾರ ತುಂಬುವಷ್ಟರಲ್ಲಿ ಸೈನ್ಯದಲ್ಲಿದ್ದ ಅಪ್ಪ ಫ್ರೆಂಚರ ವಿರುದ್ಧದ ಕಾಳಗದಲ್ಲಿ ತೀರಿಹೋದರು. ಕಾಟನ್ ಮೊದಲು ಮೇಷ್ಟ್ರು, ಆಮೇಲೆ ಬಿಷಪ್. ಇಂಗ್ಲೆಂಡಿನ ರಗ್ಬಿ ಅನ್ನುವ ಊರಿನ ಶಾಲೆಯಲ್ಲಿ 15 ವರ್ಷ ಪಾಠ ಹೇಳಿದರು. 1852ರಲ್ಲಿ ಮಾರ್ಲ್‌ಬರೊ ಶಾಲೆಯ ಮುಖ್ಯಸ್ಥರಾದಾಗ ಅಲ್ಲಿ ಸಾಲವೋ ಸಾಲ. ಹಿಂದಿನ ವರ್ಷವಷ್ಟೇ ಹುಡುಗರು ದಂಗೆ ಎದ್ದಿದ್ದರು. ಕಾಟನ್ ಮಾಡಿದ್ದೇನು ಗೊತ್ತಾ? ಬಿಡುವಿನಲ್ಲಿ ಊರಾಚೆ ಸುಮ್ನೆ ಅಲೆಯುತ್ತಿದ್ದವರನ್ನು ಕ್ರಿಕೆಟ್, ಫುಟ್‌ಬಾಲ್ ಅಂತ ಮೈದಾನಕ್ಕಿಳಿಸಿದರು. ಶಾಲೆ ಚೇತರಿಸಿಕೊಂಡಿತು. ಆಟ ಆಡಿದರೆ ಓದು ಕೆಡುತ್ತೆ ಅನ್ನುವ ನಮ್ಮ ಅಪ್ಪಂದಿರಿಗೆ ಇದನ್ನು ಯಾರೂ ಹೇಳಿರಲಿಲ್ಲ, ಬಿಡಿ.

1858ರಲ್ಲಿ ಕಲ್ಕತ್ತೆಯ ಬಿಷಪ್ ಆದರು. ಆಗ ಇಡೀ ಭಾರತದ ಆಂಗ್ಲಿಕನ್ (ಅಂದ್ರೆ ಇಂಗ್ಲೆಂಡಿನ ಚರ್ಚಿಗೆ ಸೇರಿದ) ಬಿಷಪ್‌ಗಳಿಗೆ ಅವರೇ ಹಿರಿಯರು. ಬೆಂಗಳೂರು ಮದ್ರಾಸ್ ಬಿಷಪ್ಪರ ಕೈಕೆಳಗಿತ್ತು, ಮದ್ರಾಸ್ ಇವರ ಕೈಕೆಳಗೆ. ಮಕ್ಕಳನ್ನು ಓದಿಸಲು ಇಂಗ್ಲೆಂಡಿಗೆ ಕಳಿಸಲಾಗದ ಯುರೋಪಿಯನ್, ಆಂಗ್ಲೋ ಇಂಡಿಯನ್ ಮನೆಗಳಿಗೆ ಇಲ್ಲೇ ಶಾಲೆ ಬೇಕು ಅನ್ನುವುದು ಅವರ ಹಂಬಲ. 1859ರಲ್ಲಿ ಶಿಮ್ಲಾದ್ದು ಶುರುವಾಯಿತು. ಬೆಂಗಳೂರಿನದು 1865ರಲ್ಲಿ. ಆದರೆ ಇದನ್ನು ಕಟ್ಟಲು ಓಡಾಡಿದವರು ಸೇಂಟ್ ಮಾರ್ಕ್ಸ್ ಚರ್ಚಿನ ಪಾದ್ರಿ ಪೆಟ್ಟಿಗ್ರೂ. ಕಾಟನ್ ಇಲ್ಲಿ ನೆಲೆಸಿದವರೇ ಅಲ್ಲ.

ಮರುವರ್ಷವೇ, 1866ರ ಅಕ್ಟೋಬರ್ 6ರಂದು, ಈಗಿನ ಬಾಂಗ್ಲಾದೇಶದ ಕುಷ್ಟಿಯಾದಲ್ಲಿ ಒಂದು ಸ್ಮಶಾನವನ್ನು ಪ್ರಾರ್ಥನೆ ಮಾಡಿ ಪವಿತ್ರಗೊಳಿಸಿದರು. ಮುಸ್ಸಂಜೆ ಸ್ಟೀಮರಿಗೆ ಮರಳುವಾಗ ದಡದಿಂದ ಹಾಕಿದ್ದ ಹಲಗೆ ಮೇಲೆ ಕಾಲು ಜಾರಿತು. ಹೊಳೆ ಎಳೆದುಕೊಂಡು ಹೋಯಿತು. ಹೆಣವೂ ಸಿಗಲಿಲ್ಲ. ಊರವರಿಗೆಲ್ಲ ಮಣ್ಣಿನ ಜಾಗ ಹರಸಿ ಬಂದ ಮನುಷ್ಯನಿಗೆ ಗೋರಿಯೇ ಇಲ್ಲ.

ಈ ಕೊನೆಯದನ್ನು ಮೊಮ್ಮಗಳಿಗೆ ಮಲಗುವ ಹೊತ್ತಲ್ಲಿ ಹೇಳಬೇಡಿ. ಕ್ರಿಕೆಟ್ಟಿನ ಕಥೆ ಸಾಕು.